ಸೈನಿಕನ ಹೆಂಡತಿಯಾಗಿ ಬಾಳಿದ ಅಜ್ಜಿಯ ಬಗ್ಗೆ ಬರೆಯುವುದು: ಅಮೆರಿಕಕ್ಕೆ ಹೊಸದಾಗಿ ಬಂದ ಸೊಸೆಗೆ

ಅಮೆರಿಕಕ್ಕೆ ಬಂದು ವರ್ಷ ತುಂಬುವ ಮೊದಲೇ ಗಂಡನ ಅಜ್ಜಿ ತೀರಿಕೊಂಡರು, ಒಬಿಚುಅರಿ, ಅಂದರೆ ಪತ್ರಿಕೆಗೆ ಕೊಡುವ ನಿಧನ ವಾರ್ತೆ, ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂತು ಅಂದಿರಿ. ಆಕೆ ಆರ್ಮಿ ಸಾರ್ಜೆಂಟರ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಎಲ್ಲಿಂದ ಶುರು ಮಾಡಲಿ, ಸೈನಿಕ ಗೌರವ ಇರುತ್ತದೆಯೇ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ: ಇರುವುದಿಲ್ಲ. ಬ್ಯೂಗಲ್ ಊದುವುದು, ಧ್ವಜ ಮಡಚಿ ಕೊಡುವುದು ಸ್ವತಃ ಸೇವೆಯಲ್ಲಿದ್ದವರಿಗೆ ಮಾತ್ರ. ಆದರೆ ಅಜ್ಜನ ಸಮಾಧಿ ಸೈನಿಕರಿಗಾಗಿ ಸರ್ಕಾರ ನಡೆಸುವ ರಾಷ್ಟ್ರೀಯ ಸ್ಮಶಾನದಲ್ಲಿದ್ದರೆ ಸಾಮಾನ್ಯವಾಗಿ ಅದೇ ಗುಂಡಿಯಲ್ಲಿ ಅಜ್ಜಿಗೂ ಜಾಗ ಉಂಟು. ಗುಂಡಿ ತೆಗೆದು ಮುಚ್ಚುವುದು, ಕಲ್ಲಿನ ಕೆತ್ತನೆ ಸರ್ಕಾರದ ಲೆಕ್ಕ. ಫ್ಯೂನರಲ್ ಹೋಮ್ (ಶವಸಂಸ್ಕಾರದ ಏರ್ಪಾಡು ಮಾಡುವ ಸಂಸ್ಥೆ), ಶವಪೆಟ್ಟಿಗೆ, ಸಾಗಣೆ ಮನೆಯವರ ಖರ್ಚು. ದಿನ ಗೊತ್ತು ಮಾಡಲು ಫ್ಯೂನರಲ್ ಹೋಮ್‌ನವರೇ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸ್ಮಶಾನಗಳ ಕಚೇರಿಗೆ ಫೋನ್ ಮಾಡುತ್ತಾರೆ. ಅಜ್ಜನ ಸಮಾಧಿಯ ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ನೆಟ್ಟ ಕಲ್ಲಾದರೆ ಆಕೆಯ ಹೆಸರು ಹಿಂಬದಿಯಲ್ಲಿ ಬರುತ್ತದೆ. ಮುಂದೆ ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ಇನ್ನು ಬರವಣಿಗೆ. ನಿಜವಾದ ತೊಡಕು ಇಲ್ಲೇ ಇರುವುದು: ಎಲ್ಲ ದಾಖಲೆಯೂ ಅಜ್ಜನ ಹೆಸರಿನಲ್ಲಿ. ಆರ್ಮಿ ಬಿಟ್ಟಾಗ ಅವರಿಗೆ ಕೊಟ್ಟ ಬಿಡುಗಡೆ ಪತ್ರ ಡಿಡಿ 214ನ್ನು ಎದುರಿಗಿಟ್ಟುಕೊಂಡು ಬರೆದರೆ ಅದು ಅಜ್ಜನ ಒಬಿಚುಅರಿಯೇ ಆಗಿಬಿಡುತ್ತದೆ. ಆ ಪತ್ರದಲ್ಲಿ ಸಿಗುವುದು ಕೊನೆಯ ಪೋಸ್ಟಿಂಗ್. ನಡುವಿನ ಊರುಗಳೆಲ್ಲ ಅದರಲ್ಲಿ ಇರುವುದಿಲ್ಲ. ಪೂರ್ತಿ ಕಡತ ಬೇಕಾದರೆ ಎಸ್‌ಎಫ್ 180 ಫಾರಂ ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸಬೇಕು. ಸೇವೆ ಮುಗಿದು 62 ವರ್ಷ ಆಗಿದ್ದರೆ ಯಾರು ಬೇಕಾದರೂ ಕೇಳಬಹುದು. ಇಲ್ಲದಿದ್ದರೆ ಅಜ್ಜನ ಮಗ ಅಥವಾ ಮಗಳು ಸಹಿ ಹಾಕಬೇಕು, ಮೊಮ್ಮಗನಾದ ನಿಮ್ಮ ಯಜಮಾನರ ಸಹಿ ನಡೆಯುವುದಿಲ್ಲ. ಇನ್ನೊಂದು ವಿಷಯ: 1973ರ ಜುಲೈನಲ್ಲಿ ಆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಆರ್ಮಿ ಬಿಟ್ಟವರ ಕಡತಗಳಲ್ಲಿ ಸುಮಾರು 80 ಶೇಕಡಾ ಹೋದವು. ಕಡತ ಉಳಿದಿದ್ದರೂ ಶವಸಂಸ್ಕಾರದ ಹೊತ್ತಿಗೆ ಕೈ ಸೇರುವುದು ಅನುಮಾನ.

ಹಾಗಾಗಿ ಮನೆಯಲ್ಲೇ ಹುಡುಕಿ. ಮಕ್ಕಳ ಜನನ ಪ್ರಮಾಣಪತ್ರಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಊರುಗಳ ಸಾಲು ಅರ್ಧ ಸಿದ್ಧ. ಶಾಲೆಯ ಮಾರ್ಕ್ಸ್ ಕಾರ್ಡುಗಳು ಉಳಿದದ್ದನ್ನು ತುಂಬುತ್ತವೆ. ಹಳೆಯ ಮೇಜು, ಬೀರುಗಳನ್ನು ಬಗ್ಗಿ ಹಿಂದೆ, ಕೆಳಗೆ ನೋಡಿ: ಸಾಮಾನು ಸಾಗಿಸುವವರು ಪ್ರತಿ ವರ್ಗಾವಣೆಗೂ ಅಂಟಿಸಿದ ನಂಬರಿನ ಬಣ್ಣದ ಚೀಟಿಗಳು, ಒಂದರ ಪಕ್ಕ ಒಂದು, ಇನ್ನೂ ಇರುತ್ತವೆ. ಕಾಗದಗಳ ಮೇಲೆ ಎಪಿಒ (ಸೈನ್ಯದ ಅಂಚೆ ಕಚೇರಿ) ಸ್ಯಾನ್ ಫ್ರಾನ್ಸಿಸ್ಕೋ ಅಂತಿದ್ದರೆ ಅಜ್ಜ ಇದ್ದದ್ದು ಆ ನಗರದಲ್ಲಲ್ಲ, ಏಷ್ಯಾ-ಪೆಸಿಫಿಕ್ ಕಡೆ. ಎಪಿಒ ನ್ಯೂಯಾರ್ಕ್ ಅಂದರೆ ಹೆಚ್ಚಾಗಿ ಯುರೋಪ್. 1965ರ ಫೆಬ್ರುವರಿಯ ನಂತರ ವಿಯೆಟ್ನಾಂಗೆ ಸಂಸಾರ ಕರೆದೊಯ್ಯುವಂತಿರಲಿಲ್ಲ, ಆರ್ಮಿಯವರ ಒಂದು ಸರದಿ ಸಾಮಾನ್ಯವಾಗಿ 12 ತಿಂಗಳು. ಆ 12 ತಿಂಗಳು ಆಕೆ ಎಲ್ಲಿದ್ದರು, ಬಾಡಿಗೆ ಯಾರ ಸಹಿಯಲ್ಲಿ ಹೋಯಿತು, ಕಾರು ಯಾರು ಮಾರಿದರು ಅಂತ ಅತ್ತೆ-ಮಾವನನ್ನು ಕೇಳಿ. ಗಂಡನ ಪರವಾಗಿ ಸಹಿ ಹಾಕಲು ಆಕೆಗೆ ಅಧಿಕಾರ ಕೊಟ್ಟ ಪವರ್ ಆಫ್ ಅಟಾರ್ನಿ ಪತ್ರ ಸಿಕ್ಕಿದರೆ ಒಳ್ಳೆಯ ಸಾಕ್ಷಿ. ಬರೆಯಬೇಕಾದ ಜೀವನ ಇದೇ.

ಸೈನಿಕರ ಹೆಂಡತಿಯರು ಏನು ಮಾಡುತ್ತಿದ್ದರು ಎಂಬ ಅಂದಾಜಿಗೆ ಆರ್ಮಿ ಅಧಿಕಾರಿ ಹಾಲ್ ಮೂರ್ ಅವರ ಹೆಂಡತಿ ಜೂಲಿಯಾ ಮೂರ್ ಅವರನ್ನು ನೋಡಿ. 1965ರಲ್ಲಿ ಜಾರ್ಜಿಯಾದ ಆರ್ಮಿ ನೆಲೆ ಫೋರ್ಟ್ ಬೆನಿಂಗ್ ಬಳಿ, ವಿಯೆಟ್ನಾಂನಲ್ಲಿ ಸತ್ತ ಸೈನಿಕರ ಮನೆಗಳಿಗೆ ಸಾವಿನ ಟೆಲಿಗ್ರಾಂಗಳನ್ನು ಟ್ಯಾಕ್ಸಿ ಚಾಲಕರ ಕೈಲಿ ಕಳಿಸುತ್ತಿದ್ದರು. ಈಕೆ ಆ ಮನೆಗಳಿಗೆ ತಾವೇ ಹೋಗಿ ಸಂತೈಸಿದರು, ಈ ಪದ್ಧತಿ ಬೇಡವೆಂದು ಹಟ ಹಿಡಿದರು. ಅಧಿಕಾರಿಯೇ ಮನೆಗೆ ಬಂದು ತಿಳಿಸುವ ಕ್ರಮ ಬರಲು ಅದು ಕಾರಣವಾಯಿತು. ಅಂದಹಾಗೆ ಆ ನೆಲೆಯ ಹೆಸರು 2023ರಲ್ಲಿ ಫೋರ್ಟ್ ಮೂರ್ ಆಗಿ, 2025ರಲ್ಲಿ ಮತ್ತೆ ಬೆನಿಂಗ್ ಆಯಿತು. ಅಜ್ಜಿ ಇದ್ದ ಕಾಲದಲ್ಲಿ ನೆಲೆಗೆ ಯಾವ ಹೆಸರಿತ್ತೋ ಅದನ್ನೇ ಬರೆಯಿರಿ.

ಕ್ರಮ ಸರಳ: ತವರಿನ ಮನೆತನದ ಹೆಸರೂ ಸೇರಿ ಪೂರ್ತಿ ಹೆಸರು, ವಯಸ್ಸು, ತೀರಿಕೊಂಡ ದಿನ ಮತ್ತು ಊರು; ತಂದೆತಾಯಿ, ಮದುವೆ, ಬಾಳಿದ ಊರುಗಳು, ಆಕೆಯ ಸ್ವಂತ ಕೆಲಸ; ಮೊದಲೇ ತೀರಿಕೊಂಡವರು, ಉಳಿದವರು; ಪ್ರಾರ್ಥನೆಯ ಸಮಯ. ಉಳಿದವರ ಪಟ್ಟಿಯನ್ನು ಮನೆಯ ಇಬ್ಬರಿಗಾದರೂ ಓದಿಸಿ. ಬಿಟ್ಟುಹೋದ ಒಂದು ಹೆಸರಿನಿಂದ ವರ್ಷಗಟ್ಟಲೆ ಮಾತು ನಿಂತುಹೋಗುತ್ತದೆ. ಪೂರ್ತಿ ಜನ್ಮದಿನಾಂಕ, ಮನೆ ವಿಳಾಸ ಬೇಡ, ಸತ್ತವರ ಹೆಸರಲ್ಲಿ ಸಾಲ ಎತ್ತುವವರಿದ್ದಾರೆ. ಶವಸಂಸ್ಕಾರದ ಸಮಯ ಪ್ರಕಟವಾಗುವುದರಿಂದ ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಇರಲಿ. ಪತ್ರಿಕೆಗಳು ಹೆಚ್ಚಾಗಿ ಸಾಲಿಗಿಷ್ಟು ಎಂದು ಹಣ ಕೇಳುತ್ತವೆ. ಅಲ್ಲಿಗೆ ಚಿಕ್ಕದು ಕೊಟ್ಟು, ಊರುಗಳ ಪೂರ್ತಿ ಕಥೆಯನ್ನು ಫ್ಯೂನರಲ್ ಹೋಮ್‌ನ ಪುಟಕ್ಕೆ ಹಾಕಿ.

ಅಜ್ಜನ ಸೇವೆಯ ಮೇಲೆ ಆಕೆಗೆ ಹಣ ಬರುತ್ತಿತ್ತೇ ಎಂದು ಮಾವನವರು ನೋಡಲಿ. ಬರುತ್ತಿದ್ದರೆ ಕೊಡುತ್ತಿದ್ದ ಕಚೇರಿಗೆ ಕೂಡಲೇ ತಿಳಿಸಬೇಕು. ಸಾವಿನ ನಂತರ ಜಮೆಯಾದದ್ದನ್ನು ಅವರು ವಾಪಸ್ ಎಳೆದುಕೊಳ್ಳುತ್ತಾರೆ, ಅದಕ್ಕೆ ಆ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ, ಅದರ ದುಡ್ಡನ್ನೂ ಮುಟ್ಟಬೇಡಿ.