ಉರಿಯೂತದಲ್ಲಿ ಮೈಕ್ರೋಗ್ಲಿಯಾದ ಪೊರೆ ಬದಲಾಗುವುದನ್ನು ಲಾರ್ಡಾನ್ ಡೈ ಹಾಕಿ ನೋಡಬಹುದಾ?

ನೀವು ಮಡಿಕೇರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೀರಿ. ಉರಿಯೂತದ ಸಂಕೇತ ಬಂದಾಗ ಮೆದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾದ ಪೊರೆಯಲ್ಲಿ ಯಾವ ಲಿಪಿಡ್ (ಕೊಬ್ಬಿನಂಥ ಅಣು) ಬದಲಾಗುತ್ತದೆ, ಅದನ್ನು ತಿಳಿಯಲು ಪೊರೆಯಲ್ಲಿ ಸೇರಿ ಹೊಳೆಯುವ ಲಾರ್ಡಾನ್ ಡೈ ಒಂದೇ ಸಾಕಾ ಅಂತ ಕೇಳಿದ್ದೀರಿ.

ಸಾಲದು. ನಾನು ವಿರಾಜಪೇಟೆಯವನು, ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಇದೇ ಕೆಲಸ ಮಾಡಿದವನು.

ಪೊರೆಯ ದಪ್ಪ ಸುಮಾರು 4–5 ನ್ಯಾನೋಮೀಟರ್. ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್ ಬಿಡಿಸಿ ತೋರಿಸುವುದು ಹೆಚ್ಚೆಂದರೆ 200 ನ್ಯಾನೋಮೀಟರ್‌ವರೆಗೆ. ಹಾಗಾಗಿ ಒಂದೊಂದು ಲಿಪಿಡ್ ಅಣು ಕಾಣುವುದಿಲ್ಲ, ಅವು ಎಷ್ಟು ಒತ್ತಾಗಿ ಕೂತಿವೆ ಅನ್ನೋದನ್ನು ಡೈ ಹೇಳುತ್ತದೆ. ಪಂದಿ ಕರಿಯನ್ನು ರಾತ್ರಿ ಚಳಿಗೆ ಬಿಟ್ಟರೆ ಮೇಲಿನ ಕೊಬ್ಬು ಗಟ್ಟಿಯಾಗುತ್ತದೆ, ಒಲೆ ಮೇಲಿಟ್ಟರೆ ಹರಿಯುತ್ತದೆ ಅಲ್ವಾ? ಪೊರೆಯಲ್ಲೂ ಗಟ್ಟಿ ಜಾಗ, ಸಡಿಲ ಜಾಗ ಇವೆ. ಗಟ್ಟಿ ಜಾಗಕ್ಕೆ ನೀರು ಅಷ್ಟು ನುಗ್ಗುವುದಿಲ್ಲ, ಅಲ್ಲಿ ಲಾರ್ಡಾನ್ 440 ನ್ಯಾನೋಮೀಟರ್ ಸುತ್ತ ನೀಲಿಯಾಗಿ ಹೊಳೆಯುತ್ತದೆ. ಸಡಿಲವಿದ್ದರೆ 490ರ ಕಡೆ ಸರಿಯುತ್ತದೆ. 440ರ ಹೊಳಪಿನಿಂದ 490ರ ಹೊಳಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಜಿಪಿ (ಜನರಲೈಸ್ಡ್ ಪೋಲರೈಸೇಶನ್). ಅದು ಹೆಚ್ಚಿದ್ದಷ್ಟೂ ಪೊರೆ ಗಟ್ಟಿ.

ಎಡವುವುದು ಇಲ್ಲಿ. ಲಾರ್ಡಾನ್ ಹೊರಪೊರೆಯಲ್ಲೇ ನಿಲ್ಲುವುದಿಲ್ಲ, ಒಳಗೂ ಇಳಿಯುತ್ತದೆ. ಉರಿಯೂತ ತರಿಸಲು ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ಅಂಶ) ಹಾಕಿದ ಮೈಕ್ರೋಗ್ಲಿಯಾದಲ್ಲಿ ಕೊಬ್ಬಿನ ಹನಿಗಳು ತುಂಬಿಕೊಳ್ಳುತ್ತವೆ, 2020ರ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಹನಿಯೊಳಗೆ ನೀರೇ ಇಲ್ಲದ್ದರಿಂದ ಡೈ ಅಲ್ಲಿ ಇನ್ನೂ ನೀಲಿ. ಸುಮ್ನೆ ಇಡೀ ಕೋಶದ ಸರಾಸರಿ ತೆಗೆದರೆ ಪೊರೆ ಗಟ್ಟಿಯಾದ ಹಾಗೆ ಕಾಣುತ್ತದೆ. ಪೊರೆಗೆ ಏನೂ ಆಗಿರದೆಯೂ ಇರಬಹುದು! ಹನಿಗಳನ್ನು ಗುರುತಿಸಲು ಕೆಂಪು ಬಣ್ಣದ ಇನ್ನೊಂದು ಡೈ ಹಾಕಿ, ಆ ಭಾಗ ಬಿಟ್ಟು ಕೋಶದ ಅಂಚನ್ನಷ್ಟೇ ಅಳೆಯಿರಿ.

ಇನ್ನು ಟಿಎನ್‌ಎಫ್, ಅಂದರೆ ಉರಿಯೂತದ ಸಂಕೇತ ಹೊತ್ತೊಯ್ಯುವ ಒಂದು ಪ್ರೋಟೀನ್. ಅದು ಸ್ಫಿಂಗೋಮೈಲಿನೇಸ್ ಕಿಣ್ವವನ್ನು ಚುರುಕು ಮಾಡುತ್ತದೆ, ಆಗ ಪೊರೆಯ ಸ್ಫಿಂಗೋಮೈಲಿನ್ ಎಂಬ ಲಿಪಿಡ್ ಒಡೆದು ಸೆರಮೈಡ್ ಎಂಬ ಇನ್ನೊಂದು ಲಿಪಿಡ್ ಆಗುತ್ತದೆ. ಆದರೆ ಜಿಪಿ ಏರಿತು ಅಂತ ಸೆರಮೈಡ್ ಜಾಸ್ತಿಯಾಗಿದೆ ಎಂದು ಬರೆಯಬೇಡಿ. ಕೊಲೆಸ್ಟರಾಲ್ ಏರಿದರೂ ಜಿಪಿ ಏರುತ್ತದೆ. ಯಾವ ಲಿಪಿಡ್ ಅಂತ ಹೇಳಲು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು.

ಕೋಶ ಜೀವಂತ ಇರುವಾಗಲೇ, 37 ಡಿಗ್ರಿಯಲ್ಲಿ ನೋಡಿ. ಕೋಶವನ್ನು ಕೆಡದಂತೆ ಇಡಲು ಹಾಕುವ ಫಾರ್ಮಾಲಿನ್ ಪ್ರೋಟೀನನ್ನು ಹಿಡಿದಿಡುತ್ತದೆ, ಲಿಪಿಡನ್ನು ಅಷ್ಟಾಗಿ ಅಲ್ಲ. ಟ್ರೈಟಾನ್ ಎಂಬ ಸೋಪಿನಂಥ ದ್ರಾವಣ ಹಾಕಿದರಂತೂ ಪೊರೆಯ ಕೊಬ್ಬೇ ತೊಳೆದುಹೋಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ, ಇನ್‌ಕ್ಯುಬೇಟರ್ ನಂಬಿ ಕೂರಬೇಡಿ. ಚಿತ್ರಗಳನ್ನು ಬೆಂಗಳೂರಲ್ಲೋ ಮೈಸೂರಲ್ಲೋ ತೆಗೆಸಿ, ಅಳತೆಯನ್ನು ಮನೆಯಲ್ಲೇ ಫಿಜಿ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರಿನಲ್ಲಿ ಮಾಡಿ, ಅದು ಉಚಿತ. ಮೂಲ ಫೈಲನ್ನೇ ಕೇಳಿ ಪಡೆಯಿರಿ, ಜೆಪೆಗ್ ಆದರೆ ಅಂಕಿಗಳು ಕೆಡುತ್ತವೆ.