ನಿನ್ನ ಮಿಕ್ಸಿ ತೆಗೆದುಕೊಂಡು ಬಾ, ತಂಗಿ

ವಯಸ್ಸಿನಲ್ಲಿ ಚಿಕ್ಕವಳೆಂದು ನೀನು ಎಂದೇ ಬರೆಯುತ್ತಿದ್ದೇನೆ, ಬೇಸರಿಸಬೇಡ. ಬೆಂಗಳೂರಿನ ಬ್ಯಾಂಕ್ ಕೆಲಸ ಬಿಟ್ಟು ಗಂಡನ ಜೊತೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು 3 ತಿಂಗಳಾಯಿತು, ಡಚ್ ಬಾರದು, ಸಂಜೆ ನಾಲ್ಕೂವರೆಗೇ ಕತ್ತಲು, ‘ಇಲ್ಲಿ ನಾನು ಯಾವುದಕ್ಕೂ ಬಾರದವಳಾದೆನೇ ಅಕ್ಕ?’ ಎಂದು ಕೇಳಿದ್ದೀಯ. 11 ವರ್ಷಗಳ ಹಿಂದೆ ಇದೇ ಊರಿನ ಕಿಟಕಿಯೊಂದರ ಬಳಿ ನಾನೂ ಇದನ್ನೇ ಕೇಳಿಕೊಳ್ಳುತ್ತಾ ಕುಳಿತಿದ್ದೆ.

ಎಲ್ಲರೂ ಮೊದಲು ಭಾಷೆ ಕಲಿ ಎನ್ನುತ್ತಾರೆ. ಕಲಿ, ಗ್ರಂಥಾಲಯಗಳಲ್ಲಿ ಭಾಷಾ ಕೆಫೆಗಳು ನಡೆಯುತ್ತವೆ. ಆದರೆ ಭಾಷೆ ಬಂದಮೇಲೆ ಹೊರಗೆ ಹೊರಡುತ್ತೇನೆ ಎಂದು ಕಾಯಬೇಡ. ಹಾಗೆ ಕಾದು ನಾನು ಒಂದು ವರ್ಷ ಕಳೆದುಕೊಂಡೆ.

ನನ್ನನ್ನು ಹೊರಗೆಳೆದದ್ದು ಕೆಟ್ಟುಹೋದ ಒಂದು ಮೇಜುದೀಪ. ಇಲ್ಲಿ ರಿಪೇರಿ ಕೆಫೆಗಳಿವೆ. 2009ರಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲನೆಯದನ್ನು ಆರಂಭಿಸಿದರು. ಈಗ ದೇಶದ ತುಂಬ ಇವೆ. ಕೆಟ್ಟ ವಸ್ತುವನ್ನು ಒಯ್ದರೆ ಸ್ವಯಂಸೇವಕರು ಪಕ್ಕದಲ್ಲೇ ಕೂರಿಸಿಕೊಂಡು ಸರಿಮಾಡುತ್ತಾರೆ. ಕೂಲಿ ಇಲ್ಲ, ಕಾಣಿಕೆ ಡಬ್ಬಿ ಇರುತ್ತದೆ.

ಹಾಸನದ ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ಅಪ್ಪ ಕುರ್ಚಿ ಹತ್ತುತ್ತಿದ್ದರು, ನನ್ನ ಪಾಲಿಗೆ ಟಾರ್ಚ್ ಹಿಡಿಯುವ ಕೆಲಸ. ಅಂದು ಮೇಜಿನಾಚೆ ಕುಳಿತಿದ್ದ ನಿವೃತ್ತ ಹಿರಿಯರು ಮಾತಿಲ್ಲದೆ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು. ಪ್ಲಗ್ಗಿನ ಬುಡದಲ್ಲಿ ತಂತಿಯನ್ನು ಬೆರಳಿನಿಂದ ಬಾಗಿಸುತ್ತಾ ಬಂದೆ. ಒಂದು ಕಡೆ ದೀಪ ಮಿನುಗಿತು. ಪ್ಲಗ್ ಕಿತ್ತು, ಅಲ್ಲಿಗೇ ಕತ್ತರಿಸಿದೆವು. ಒಳಗೆ ತಾಮ್ರದ ಎಳೆಗಳು ಕಪ್ಪಾಗಿ ಮುರಿದಿದ್ದವು. ಹೊಸ ಪ್ಲಗ್ ಹಾಕಿ ಒತ್ತಿದಾಗ ಬೆಳಕು ಬಂತು. ಅವರು ‘ಹೆಯ್ ಡೂಟ್ ಹೆಟ್!’ ಎಂದರು. ಕೆಲಸ ಮಾಡುತ್ತಿದೆ ಎಂದರ್ಥ. ನಾನು ಮನಸಾರೆ ಕಲಿತ ಮೊದಲ ಡಚ್ ವಾಕ್ಯ ಅದು.

ಮುಂದಿನ ತಿಂಗಳು ಬರಿಗೈಯಲ್ಲಿ ಹೋಗಿ ಅವರ ಪಕ್ಕ ಕುಳಿತೆ. ದೋಷ ಎಲ್ಲಿದೆ ಎಂದು ತಾಳ್ಮೆಯಿಂದ ಹುಡುಕುವುದು ನನಗೆ ಒಲಿದಿತ್ತು. ಲೆಕ್ಕದ ಪುಸ್ತಕದಲ್ಲಿ ತಪ್ಪಿದ ಒಂದು ರೂಪಾಯಿಯನ್ನು ಹುಡುಕುತ್ತಿದ್ದ ಬುದ್ಧಿಯೇ ಇಲ್ಲಿ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದಿತ್ತು! ಊರಿನಲ್ಲೇ ಇದ್ದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿ ಪ್ರತಿ ಕೆಲಸಕ್ಕೂ ಯಾರಾದರೂ ಇದ್ದರು. ವರ್ಷ ತುಂಬುವುದರೊಳಗೆ ನನಗೇ ಒಂದು ಮೇಜು ಸಿಕ್ಕಿತು. ಕಾಫಿ ಯಂತ್ರ ತಂದ ಅಜ್ಜಿಯರೊಂದಿಗೆ ಗಂಟೆಗಟ್ಟಲೆ ಕುಳಿತೇ ಡಚ್ ನಾಲಿಗೆಗೆ ಹತ್ತಿತು.

ನಿನ್ನದು ರಿಪೇರಿಯೇ ಆಗಬೇಕೆಂದಿಲ್ಲ. ತೋಟದ ಗುಂಪುಗಳಿವೆ, ಗಾಯನ ತಂಡಗಳಿವೆ. ಈವರೆಗೆ ಕೈಹಾಕದ ಒಂದಕ್ಕೆ ಹೋಗು.

ಊರಿಂದ ತಂದ ಮಿಕ್ಸಿ ನಿಂತುಹೋಗಿದೆ ಎಂದು ಬರೆದಿದ್ದೆಯಲ್ಲ, ವೋಲ್ಟೇಜಿನ ತಪ್ಪಲ್ಲ. ಇಲ್ಲಿಯೂ 230 ವೋಲ್ಟೇ. ತಳದಲ್ಲಿರುವ ಕೆಂಪು ಗುಂಡಿ ಒತ್ತಿ ನೋಡು. ಆಗಲೂ ತಿರುಗದಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಶನಿವಾರ ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿಗೆ ಬಾ. ಬಿಚ್ಚುವವಳು ನೀನೇ, ಟಾರ್ಚ್ ನಾನು ಹಿಡಿಯುತ್ತೇನೆ.