ಮಂಗಳೂರಿನ 2008ರ ಪೋರ್ಷೆ ಬಾಕ್ಸ್‌ಸ್ಟರ್, 18,000 ಕಿ.ಮೀ., ಒಳಗೆ ಒದ್ದೆ ವಾಸನೆ: ಕಾಸರಗೋಡಿಗೆ ತಗೊಳ್ಳಬಹುದಾ?

ವಾಸನೆಗೆ ಕಾರಣ ಹೆಚ್ಚಾಗಿ ಮಡಚುವ ಬಟ್ಟೆ ರೂಫಿನ ನೀರು ಹೋಗುವ ತೂತು ಕಟ್ಟಿರುವುದು. ಕಾರು ತೊಳೆದಿದ್ದರಿಂದ ಅಂತ ಮಾರುವವರು ಹೇಳುತ್ತಾರೆ, ಆದರೆ ಹಾಗಾಗಿರಲಿಕ್ಕಿಲ್ಲ. ನಾನು ಇಂಥದ್ದೇ ಕಾರು ಕುಂಬಳೆಗೆ ತಂದು ಮೊದಲ ಮಳೆಗಾಲದಲ್ಲೇ ಪಾಡು ಪಟ್ಟಿದ್ದೇನೆ. ರೂಫನ್ನು ಅರ್ಧಕ್ಕೆ ನಿಲ್ಲಿಸಿ, ಎರಡೂ ಬದಿಯ ತೂತಿಗೆ ಒಂದೊಂದು ಲೋಟ ನೀರನ್ನು ನಿಧಾನಕ್ಕೆ ಸುರಿಯಿರಿ. ಹಿಂದಿನ ಚಕ್ರದ ಮುಂದೆ ನೀರು ಇಳಿಯಬೇಕು. ಇಳಿಯದಿದ್ದರೆ ಎಲೆ, ಕಸ ತುಂಬಿದೆ. ಸರಾಗ ಇಳಿದರೆ ಬಾಗಿಲಿನ ರಬ್ಬರ್ ಇರಬಹುದು, ನೋಡದೆ ಹೇಳುವುದು ಕಷ್ಟ. ಆಮೇಲೆ ಸೀಟಿನ ಕೆಳಗೆ ಕೈ ಹಾಕಿ ಕಾರ್ಪೆಟ್ ಒತ್ತಿ. ಕಳ್ಳತನ ತಡೆಯುವ ಅಲಾರಂ ಯೂನಿಟ್ ಇರುವುದು ಅಲ್ಲೇ. ಅದು ನೆನೆದರೆ ಕಾರು ಸ್ಟಾರ್ಟೇ ಆಗದು, ಖರ್ಚೂ ಜಾಸ್ತಿ.

ಕಡಿಮೆ ಓಡಿದೆ ಅಂತ ಸುಮ್ನೆ ನಂಬಬೇಡಿ. ನಿಂತ ಕಾರಿನ ಟಯರ್ ಗಟ್ಟಿಯಾಗುತ್ತದೆ. ಅದರ ಮೇಲಿನ ನಾಲ್ಕಂಕಿ ಓದಿ: 2309 ಅಂದರೆ 2009ರ 23ನೇ ವಾರ. 2008ರ ಎಂಜಿನ್‌ನಲ್ಲಿ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಒಂದು ಶಾಫ್ಟಿನ ಬೇರಿಂಗ್) ಇದೆ, ಎಂಜಿನ್ ಬಿಚ್ಚದೆ ಬದಲಿಸಲಾಗದು. ಆಯಿಲ್ ಫಿಲ್ಟರ್ ತೆಗೆಸಿ ನೋಡಿ. ಲೋಹದ ಚೂರು ಕಂಡರೆ ಬೇರಿಂಗ್ ಸವೆಯುತ್ತಿರಬಹುದು, ಬಿಟ್ಟುಬಿಡಿ.

ಎಲ್ಲ ಸರಿಯಿದ್ದರೆ, ಹಣ ಕೊಡುವ ಮೊದಲು ಕೆಎ 19ರಿಂದ (ಮಂಗಳೂರು ಆರ್‌ಟಿಒ) ಕೆಎಲ್ 14ಕ್ಕೆ (ಕಾಸರಗೋಡು) ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತೆಗೆಸಿಕೊಡುವುದಾಗಿ ಬರೆಸಿಕೊಳ್ಳಿ.